ಕೆಂಗಲ್ಲು ರೇಡಿಯೊದ ಖಾಲಿ ಕುರ್ಚಿ

ಭಾಲ್ಕಿ
೨೯ ಎಪ್ರಿಲ್ ೨೦೧೯

ಅಕ್ಕರೆಯ ತಮ್ಮ ಪಂಢರಿಗೆ ನಿನ್ನ ಅಕ್ಕ ಕೌಸಲ್ಯಾಳ ಜೈ ಭೀಮ.

ಮೈಯಲ್ಲಿ ಹುಷಾರಿದ್ದೀಯಾ? ಸೆಂಟ್ರಿಂಗ್ ಕೆಲಸದಲ್ಲಿ ಬೆರಳಿಗೆ ಆದ ಗಾಯ ಮಾಗಿತೇ? ತಂತಿ ಮೀಟುವ ಬೆರಳದು, ಜೋಪಾನ ಮಾಡು. ಹೈದರಾಬಾದಿನ ನೀರು ಒಗ್ಗಿತೋ ಇಲ್ಲವೋ ಎಂದು ಅವ್ವ ದಿನಾ ಕೇಳುತ್ತಾಳೆ. ಅವಳ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಚುರುಕು. ಫೋನು ಮಾಡಿದರೆ ನೀನು ‘ಹೂಂ ಅಕ್ಕಾ, ಆಯ್ತ ಅಕ್ಕಾ’ ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಅದಕ್ಕೇ ಹೈದರಾಬಾದಿಗೆ ಹೊರಟ ಅಯ್ಯುಬನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನೀನು ಪೂರ್ತಿ ಓದುವ ತನಕ ಎದುರಿಗೇ ಕೂತಿರು ಎಂದು ಅವನಿಗೆ ಹೇಳಿದ್ದೇನೆ.

ಮೊದಲು ನಮ್ಮ ಕೆಂಗಲ್ಲು ರೇಡಿಯೊದ ವಿಷಯದಲ್ಲಿ ಸಂಸ್ಥೆಯವರು ಕೊಟ್ಟ ಮಾತು, ತಪ್ಪಿದ ಮಾತು. ಸಂಜೆಯ ಒಂದು ತಾಸು ಓಣಿಯವರದು ಎಂದರು. ಈಗ ಆ ತಾಸೇ ಬೇಡ ಎನ್ನುತ್ತಾರೆ. ಹೆಣ್ಣುಮಕ್ಕಳ ಕೈಗೆ ಮೈಕು ಎಂದರು; ರಂಗೋಲಿ, ಉಪ್ಪಿನಕಾಯಿ ದಾಟಿ ಮಾತಾಡಿದ ದಿನ ಕಸಿದುಕೊಂಡರು. ದನಿ ಔರಾದ ಊರಿನ ತನಕ ಮುಟ್ಟುತ್ತದೆ ಎಂದರು. ಊರಾಚೆಯ ದಿಬ್ಬ ದಾಟದಂಥ ಕಂಬ ನಿಲ್ಲಿಸಿದರು. ಸಮಿತಿಯಲ್ಲಿ ಓಣಿಯ ಮೂವರು, ಸಂಸ್ಥೆಯ ಇಬ್ಬರು ಎಂದರು. ಈಗ ಆ ಮೂವರಲ್ಲಿ ಒಬ್ಬ ಉದುರಲೆಂದು ಕಾದು ಕುಳಿತಿದ್ದಾರೆ. ಆ ಒಬ್ಬ ನೀನು, ಪಂಢರಿ. ಎರಡು ಸಭೆಗೆ ನೀನು ಬಂದಿಲ್ಲ. ಮೂರನೆಯದೂ ತಪ್ಪಿದರೆ ನಿಯಮದಂತೆ ನಿನ್ನ ಕುರ್ಚಿ ಹೋಗುತ್ತದೆ. ಸಂಸ್ಥೆಯ ಕಾರ್ಯದರ್ಶಿ ಶಿವರಾಜಪ್ಪನವರು ಅಲ್ಲಿ ತಮ್ಮವನನ್ನು ಕೂಡಿಸುತ್ತಾರೆ. ಅಯ್ಯುಬ ಮತ್ತು ನಾನು ಇಬ್ಬರೇ ಉಳಿಯುತ್ತೇವೆ. ಆಮೇಲೆ ರೇಡಿಯೊ ಬೀದರಕ್ಕೆ, ಗಿಟಾರು ಮೂಲೆಗೆ, ಬೆಳಿಗ್ಗೆ ಭಜನೆ, ಸಂಜೆ ಸಿನಿಮಾ ಹಾಡು. ಠರಾವು ಬರೆದು ಇಟ್ಟುಕೊಂಡೇ ಇದ್ದಾರೆ.

‘ಸಂಸ್ಥೆ ಕಟ್ಟಿದ ರೇಡಿಯೊ’ ಎಂದು ಮೊನ್ನೆ ಬೀದರದ ಒಂದು ಸಭೆಯಲ್ಲಿ ಶಿವರಾಜಪ್ಪನವರು ಭಾಷಣ ಮಾಡಿದರಂತೆ. ಕೇಳಿ ನನ್ನ ಮೈ ಉರಿಯಿತು. ಲೈಸನ್ಸು ಅವರದು, ಒಪ್ಪುತ್ತೇನೆ. ಕಟ್ಟಿದವರು ಯಾರು? ನೀನು ಪುಣೆಯಿಂದ ಹಳೆಯ ಎಲೆಕ್ಟ್ರಿಕ್ ಗಿಟಾರು ಹೊತ್ತು ತಂದಾಗ ಅವ್ವ ಅಂದದ್ದು ನೆನಪಿದೆಯಲ್ಲ: ‘ಕರೆಂಟೇ ಇಲ್ಲದ ಊರಿಗಿ ಕರೆಂಟಿನ ಸಾಮಾನ ತಂದಾನ ನೋಡ್ರಿ, ಶಾಣ್ಯಾ!’ ಅಯ್ಯುಬ ತನ್ನ ರಿಪೇರಿ ಅಂಗಡಿಯ ಮುರುಕು ಆಂಪ್ಲಿಫಾಯರುಗಳನ್ನು ಕೂಡಿಸಿ, ‘ಆಪಾ, ಟೆನ್ಶನ್ ನಕ್ಕೊ, ಬೋಲ್ತಾ ಇದು’ ಎಂದ. ಅದು ಬೋಲಿತು, ನಿಜವಾಗಿಯೂ ಮಾತಾಡಿತು. ಸಂಸ್ಥೆಯ ಹಾಸ್ಟೆಲಿನ ಹಿಂದಿನ ಕೋಣೆಯ ಗೋಡೆಗೆ ದನಿ ಮಾರ್ದನಿಸದಿರಲೆಂದು ಗೋಣಿಚೀಲ ಹೊಡೆದವರು ನಾವು. ರಾಕ್ ಎಂದರೆ ಪಟ್ಟಣದ ಹುಡುಗರ ಆಟ ಎಂದು ನಕ್ಕವರ ಮುಂದೆ ಕನ್ನಡ, ಮರಾಠಿ, ದಖನಿ ಮೂರನ್ನೂ ಒಂದೇ ಹಾಡಿನಲ್ಲಿ ನಿಲ್ಲಿಸಿದವನು ನೀನು.

ಆದರೆ ಡ್ರಮ್ಮು ಎಲ್ಲಿಂದ ತರುವುದು? ಕಾಶೀರಾಮ ಕಾಕಾನ ಬಾಗಿಲಿಗೆ ಹೋದೆವು. ನಮ್ಮ ಓಣಿಯವರು ಬೌದ್ಧರಾದ ವರ್ಷವೇ ಕಾಕಾ ಹಲಗೆಯನ್ನು ಗೂಟಕ್ಕೆ ಹಾಕಿದ್ದ. ಗೌಡರ ಮನೆಯ ಮದುವೆಗೂ ಹೆಣಕ್ಕೂ ಇನ್ನು ಬಾರಿಸುವುದಿಲ್ಲ ಎಂದು ಆಣೆ ಮಾಡಿದ್ದ. ನಮ್ಮನ್ನು ಬೈದೇ ಅಟ್ಟುತ್ತಾನೆ ಎಂದುಕೊಂಡಿದ್ದೆ. ಕಾಕಾ ಕೇಳಿದ್ದು ಒಂದೇ ಮಾತು: ‘ಬಾರಿಸು ಅಂತ ಯಾರ ಹೇಳಲ್ಲತ್ತಾರ?’ ನೀನು, ‘ಯಾರೂ ಇಲ್ಲ ಕಾಕಾ, ನಿನಗ ಬೇಕಾದ್ರ ಬಾರಿಸು’ ಎಂದೆ. ಕಾಕಾ ಎದ್ದು ಹಲಗೆಯ ಧೂಳು ಒರೆಸಿದ.

ಮುಂದೆ ಆದದ್ದು ನಮ್ಮಂಥವರಿಗೇ ಆಗಬೇಕು. ಅದು ಹದಿನಾರರ ಬರ. ಹಲಗೆಯ ಚರ್ಮ ಬಿಗಿಯಾಗಲು ಬೆಂಕಿಗೆ ಹಿಡಿಯಬೇಕು. ಹಿಡಿಯದೆ ಕಾಕಾ ಜನ್ಮದಲ್ಲಿ ಬಾರಿಸಿದವನಲ್ಲ. ಹಾಡು ಶುರುವಾಗುವ ಹೊತ್ತಿಗೆ, ಮೈಕು ತೆರೆದಿರುವಾಗಲೇ, ಕೋಣೆಯೊಳಗೇ ಹುಲ್ಲು ಗುಡ್ಡೆ ಹಾಕಿ ಕಡ್ಡಿ ಗೀರಿದ. ನಾವೂ ತಡೆಯಲಿಲ್ಲ, ಹಲಗೆ ಕಾಯಿಸುವುದು ನಮಗೆಲ್ಲ ಅಷ್ಟು ರೂಢಿ. ಗೋಣಿಚೀಲ ಬುಗ್ಗೆಂದವು. ಹಾಸ್ಟೆಲಿನ ತೊಟ್ಟಿಯಲ್ಲಿ ಹನಿ ನೀರಿಲ್ಲ. ಹೊರಗೆ ಟ್ಯಾಂಕರು ಬಂದುಹೋಗಿ ಓಣಿಯ ಹೆಣ್ಣುಮಕ್ಕಳು ತುಂಬಿದ ಕೊಡ ಹೊತ್ತು ಹೊರಟಿದ್ದರು. ಮುಂದೆ ಇದ್ದವಳು ಸಖುಬಾಯಿ. ಗಂಡ ಕುರಿ ಹೊಡೆದುಕೊಂಡು ಗೋದಾವರಿಯ ಕಡೆ ಹೋಗಿದ್ದ. ಮನೆಯಲ್ಲಿ ಅವಳು, ಮಕ್ಕಳು ಮತ್ತು ಆ ಎರಡು ಕೊಡ. ‘ಏನ್ ಮಾರಿ ನೋಡ್ಲತ್ತೀರಿ, ಸುರೀರಿ!’ ಎಂದು ಮೊದಲು ತನ್ನ ಕೊಡವನ್ನೇ ಬೋರಲು ಹಾಕಿದಳು. ಹಿಂದಿನವರೂ ಸುರಿದರು. ಬೆಂಕಿ ಆರಿತು. ಆ ಸಂಜೆ ಆ ಮನೆಗಳಲ್ಲಿ ಕುಡಿಯಲು ನೀರಿರಲಿಲ್ಲ, ಪಂಢರಿ.

ಮೈಕು ಮಾತ್ರ ಸತ್ತಿರಲಿಲ್ಲ. ಖಾಲಿ ಕೊಡ ಹಿಡಿದು ಅವರು ಟ್ಯಾಂಕರಿನ ಗುತ್ತೇದಾರನನ್ನು ಬೈದದ್ದೆಲ್ಲ ಭಾಲ್ಕಿಯ ಮನೆಮನೆಯಲ್ಲಿ ಕೇಳಿಸಿತು: ‘ಸಾವಕಾರನ ತ್ವಾಟಕ್ಕ ಮೊದಲ ಹೋಗ್ತಾನ, ನಮಗ ತಳದ ರಾಡಿ! ಅವನ ಟ್ಯಾಂಕರಿಗಿ ಹುಳ ಬೀಳಲಿ!’ ಮರುದಿನ ಟ್ಯಾಂಕರು ಮೊದಲು ನಮ್ಮ ಓಣಿಗೇ ಬಂತು. ಅರ್ಜಿ ಕೊಟ್ಟು ಚಪ್ಪಲಿ ಸವೆಸಿದ್ದೆವು. ಕೆಲಸ ಮಾಡಿದ್ದು ಬೈಗುಳ. ಅವತ್ತು ಸಖುಬಾಯಿ ಅಂದಳು: ‘ನಮ್ಮ ನೀರ ಕುಡದದ. ಇನ್ನ ಈ ರೇಡಿಯೊ ನಮ್ಮದೂ ಹೌದರಿ.’ ಅಂದಿನಿಂದ ನಾವು ಮೈಕನ್ನೇ ಅಂಗಳಕ್ಕೆ ತಂದೆವು. ಹುಲ್ಲು ಚಟಪಟ ಉರಿಯುವ ಸದ್ದು, ಕಾಕಾನ ಮೊದಲ ಪೆಟ್ಟು, ಆಮೇಲೆ ನಿನ್ನ ಗಿಟಾರು. ಯಾವ ದೊಡ್ಡ ಊರಿನ ಸ್ಟೇಶನ್ನಿಗೆ ಇಂಥ ಆರಂಭ ಇದೆ, ಹೇಳು ನೋಡೋಣ!

ಶಿವರಾಜಪ್ಪನವರು ಬಂದು, ‘ಇದ ಸಂಗೀತ ಅಲ್ಲರಿ, ಬರೇ ಗದ್ಲ’ ಎಂದರು. ಕಾಕಾ ಬೀಡಿ ಆರಿಸಿ, ‘ನಿಮ್ಮ ಹೊಲದಾಗ ಬೋರ್ ಹೊಡಿಯೋ ಲಾರಿ ದಿನಾ ಒದರ್ತದಲ್ರಿ ಸಾಹೇಬ, ಅದ್ಯಾವ ರಾಗರಿ?’ ಎಂದ. ಅಂಗಳವೇ ನಕ್ಕಿತು. ಆ ನಗೆಯನ್ನು ಅವರು ಇನ್ನೂ ಮರೆತಿಲ್ಲ.

ಕಂಬ ಗಿಡ್ಡವಾದರೆ ಬಸ್ಸು ಇದೆಯಲ್ಲ ಎಂದವನು ಅಯ್ಯುಬ. ವಾರದ ಹಾಡುಗಳನ್ನೆಲ್ಲ ಮೊಬೈಲಿನ ಮೆಮೊರಿ ಚಿಪ್ಪಿಗೆ ಹಾಕಿ ಔರಾದ ಬಸ್ಸಿನ ಕಂಡಕ್ಟರನ ಕೈಗಿಟ್ಟ. ಔರಾದ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಅದು ಫೋನಿನಿಂದ ಫೋನಿಗೆ ಹೋಯಿತು. ಕಮಲನಗರಕ್ಕೆ ಹೋಯಿತು. ಗಂಟುಮೂಟೆ ಕಟ್ಟಿ ದುಡಿಯಲು ಹೊರಟವರ ಜೇಬಿನಲ್ಲಿ ಹೈದರಾಬಾದಿಗೆ ಹೋಯಿತು. ಗಾಳಿಯಲ್ಲಿ ಊರಾಚೆಯ ದಿಬ್ಬ ದಾಟದ ರೇಡಿಯೊ ರಾಜ್ಯದ ಗಡಿಯನ್ನೇ ದಾಟಿತು. ನೀನೂ ಹೊರಟುಹೋದ ವರ್ಷ ಒಂದು ದಿನ ಫೋನಿನಲ್ಲಿ ಕೂಗಿದ್ದೆಯಲ್ಲ: ‘ಅಕ್ಕಾ, ನಮ್ಮ ಸೈಟಿನ್ಯಾಗ ನಮ್ಮದೇ ಹಾಡ ಹಚ್ಯಾರ! ಟ್ಯಾಂಕರ ಬಂತು, ಯಾರ ಮನಿಗಿ? ಅಂತ ಎಲ್ಲಾರೂ ಒದರ್ಲತ್ತಾರ! ನಾನೇ ಹಾಡಿದ್ದಂದ್ರ ನಂಬವಲ್ರು!’ ಆ ದಿನ ನಾನು ಅವ್ವನಿಗೆ ಫೋನು ಕೊಟ್ಟೆ. ಅವಳು ಸೆರಗಿನಿಂದ ನಿನ್ನ ಆಂಪ್ಲಿಫಾಯರಿನ ಧೂಳು ಹೊಡೆದಳು.

ಇದು ನಮ್ಮ ಇತಿಹಾಸ. ಯಾರ ದಾನವೂ ಅಲ್ಲ. ಈಗ ಮತ್ತೆ ಬರ ಬಿದ್ದಿದೆ, ಟ್ಯಾಂಕರು ಮತ್ತೆ ದಾರಿ ತಪ್ಪುತ್ತಿದೆ. ಇಂಥ ಹೊತ್ತಿನಲ್ಲೇ ಮೈಕು ಬಂದ್ ಆಗಲಿ ಎಂದು ಅವರಿಗೆ ಅವಸರ. ಅದಕ್ಕೇ ಹೇಳುತ್ತೇನೆ, ಮೂರನೆಯ ಸಭೆಗೆ ಬಾ.

ಅವ್ವ ನಿನ್ನ ತಲೆ ನೇವರಿಸಿದ್ದಾಳೆಂದು ತಿಳಿ. ಕಾಕಾ ಬೈದಿದ್ದಾನೆ, ಅದನ್ನೂ ಆಶೀರ್ವಾದವೆಂದೇ ತಿಳಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಕೌಸಲ್ಯಾ

ತಾ.ಕ.: ಅಯ್ಯುಬನ ಬಸ್ಸು ಹೊರಟಿದೆ, ನಿಂತೇ ಬರೆಯುತ್ತಿದ್ದೇನೆ. ಬಾ ಎಂದೆ, ಯಾಕೆ ಎಂಬುದನ್ನು ಬರೆಯಲು ಕೈ ಬಂದಿರಲಿಲ್ಲ. ಕುರ್ಚಿ ಉಳಿಸಿಕೊಳ್ಳಲು ಬರಬೇಡ, ಬಿಟ್ಟುಕೊಡಲು ಬಾ. ನೀನು ಬಂದು ಸಹಿ ಹಾಕಿ ತಿರುಗಿ ಹೋದರೆ ಮತ್ತೆ ಮೂರು ಸಭೆ ತಪ್ಪುತ್ತೀ. ಹೊಟ್ಟೆಪಾಡು, ತಪ್ಪು ನಿನ್ನದಲ್ಲ. ಆದರೆ ಬಿಡುವವನು ಸಭೆಯಲ್ಲಿ ಎದ್ದು ನಿಂತು ತನ್ನ ಜಾಗಕ್ಕೆ ಹೆಸರು ಹೇಳಬಹುದು. ಕಾಗದದಲ್ಲಿ, ಫೋನಿನಲ್ಲಿ ಹೇಳಿದರೆ ನಡೆಯದು. ನೀನು ಸಖುಬಾಯಿಯ ಹೆಸರು ಹೇಳಬೇಕು. ಅವಳನ್ನು ಕೇಳಿದ್ದೇನೆ. ‘ಓದ್ಲಾಕ ಬರಲ್ಲ ಖರೆ, ಬೈಲಾಕ ಬರ್ತದಲ್ಲ, ಕೂಡ್ತೇನಿ ತಗೋರಿ’ ಎಂದಳು. ಹಾಡು ನಿನ್ನದು, ಅದನ್ನು ಯಾರೂ ಕಸಿಯಲಾರರು. ಕುರ್ಚಿ ಇಲ್ಲೇ ಇದ್ದು ನೀರಿಗೆ ನಿಲ್ಲುವವರದಾಗಲಿ. ನಿನಗೆ ನೋವಾಗುತ್ತದೆಂದು ಗೊತ್ತು. ಆದರೂ ಬಾ. ಭಾಲ್ಕಿ, ರೇಡಿಯೊದ ಅಂಗಳ, ಮೇ ಹನ್ನೆರಡು, ರವಿವಾರ, ಬೆಳಿಗ್ಗೆ ಹನ್ನೊಂದು ಗಂಟೆ.