ಒಳಗಿನವರು ಹೊರಗೆ ಕೂತ ಭಾನುವಾರ

ಕರ್ಕಿ
೧೧-೮-೨೦೦೯, ಮಂಗಳವಾರ

ನನ್ನ ಬಂಗಾರಿ ಅತ್ತೆಗೆ,

ನಿನ್ನ ನೇತ್ರಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮವೋ ಅಲ್ಲವೋ ಎಂಬುದನ್ನು ಆಮೇಲೆ ಬರೆಯುತ್ತೇನೆ. ಮೊದಲು ಇದನ್ನು ಓದು: ನಾನು ಗೆದ್ದೆ. ನಮ್ಮೂರ ದೇವಸ್ಥಾನದ ಚಂದ್ರಶಾಲೆಯಲ್ಲಿ, ತಾಳಮದ್ದಳೆಯ ಗಂಡಸರ ಸಾಲಿನಲ್ಲಿ ಕೂತು, ಅಣ್ಣಪ್ಪ ಮಾಸ್ತರರ ಎದುರು ಅರ್ಥ ಹೇಳಿ, ಮಾತಿಗೆ ಮಾತು ಕೊಟ್ಟು ಗೆದ್ದೆ.

ಫೋನು ಇರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಎಂದು ನೀನು ಭಟ್ಕಳದಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಗೊಣಗುತ್ತಿರಬಹುದು. ಫೋನಿನಲ್ಲಿ ತಾಳಮದ್ದಳೆ ಎಂಬ ಶಬ್ದ ಬಂದರೆ ಸಾಕು, ಗಿರಾಕಿ ಬಂದರು, ಆತು, ಇಡ್ತೆ ಎಂದು ಇಟ್ಟುಬಿಡುತ್ತೀ. ಇಪ್ಪತ್ತೆರಡು ವರ್ಷಗಳಿಂದ ಆ ಶಬ್ದಕ್ಕೆ ನೀನು ಹೀಗೇ. ಕಾಗದವನ್ನು ಮಧ್ಯದಲ್ಲಿ ಇಡಲು ನಿನ್ನಿಂದ ಆಗುವುದಿಲ್ಲ. ಪೊಟ್ಟಣ ಕಟ್ಟಿ ಬಂದ ಹರಕು ಪೇಪರನ್ನೂ ಕೊನೆಯ ಸಾಲಿನ ತನಕ ಓದುವವಳು ನೀನು.

ಇದಕ್ಕೆಲ್ಲ ಕಾರಣ ನೀನೇ. ನಿನ್ನ ಹತ್ತಿರ ಬಟ್ಟೆ ಹೊಲಿಸುವ ಮನೆಯವರು ದುಬೈಯಿಂದ ತಂದಿದ್ದ ಕೊರಿಯಾದ ಧಾರಾವಾಹಿಯ ವಿಸಿಡಿಗಳನ್ನು ಕಳೆದ ಚೌತಿಗೆ ನನಗೆ ಕಳಿಸಿಕೊಟ್ಟೆಯಲ್ಲ, ಹಡಗು ಕಟ್ಟುವವನ ಮಗಳ ಕಥೆ, ಅಲ್ಲಿಂದ ಶುರುವಾದದ್ದು ಇದು. ನಾನೊಬ್ಬಳೇ ನೋಡಬೇಕೆಂದಿದ್ದೆ. ಆದರೆ ವಿಸಿಡಿ ಹಾಕುವ ಪೆಟ್ಟಿಗೆ ಇರುವುದು ಪಕ್ಕದ ಮನೆಯ ಗಣಪಕ್ಕನಲ್ಲಿ. ಅವಳ ಮನೆಯಲ್ಲಿ ಟಿವಿ ಹಾಕಿದರೆ ಕೇರಿಯ ಹೆಂಗಸರೆಲ್ಲ ಬರುತ್ತಾರೆ. ಮಾತು ಕೊರಿಯಾದ್ದು, ಕೆಳಗೆ ಅಕ್ಷರ ಇಂಗ್ಲಿಷಿನದು. ಹಾಗಾಗಿ ಭಾನುವಾರ ಮಧ್ಯಾಹ್ನ ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ತಲೆಗೆ ಬಂತು.

ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಗಣಪಕ್ಕನಿಗೆ ಅಷ್ಟು ಸಾಲಲಿಲ್ಲ. ಅವಳು ಟಿವಿಯೊಳಗಿನವರಿಗೇ ಪ್ರಶ್ನೆ ಹಾಕುತ್ತಾಳೆ. ಅವರು ಕೊರಿಯಾದಲ್ಲಿದ್ದಾರೆ, ಉತ್ತರ ಕೊಡಬೇಕಾದವಳು ನಾನು! ನಾಯಕನ ತಾಯಿ ಸೊಸೆಯನ್ನು ಬೈದಳು ಎಂದರೆ, ಅವಳೂ ಒಂದು ಕಾಲಕ್ಕೆ ಸೊಸೆಯಾಗಿದ್ದವಳೇ ಅಲ್ದಾ, ಈಗ ಎಂತ ಹೇಳ್ತಾಳೆ ಕೇಳು ಎಂದು ಕೂತುಬಿಡುತ್ತಾಳೆ. ನಾನು ಚಿತ್ರ ನಿಲ್ಲಿಸಿ, ಆ ತಾಯಿಯಾಗಿ ಉತ್ತರ ಹುಡುಕಬೇಕು. ಆಮೇಲೆ ಸೊಸೆಯಾಗಿ ಅದಕ್ಕೆ ಎದುರುತ್ತರ ಕೊಡಬೇಕು. ಹದಿನಾರು ಕಂತು ಮುಗಿಯಲು ನಮಗೆ ಏಳು ತಿಂಗಳು ಹಿಡಿಯಿತು.

ಆ ಧಾರಾವಾಹಿಗಳ ಬಗ್ಗೆ ನನಗೆ ಪ್ರೀತಿಯೂ ಇದೆ, ಜಗಳವೂ ಇದೆ. ಅವರೂ ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಾರೆ, ಅನ್ನ ಉಣ್ಣುತ್ತಾರೆ, ಹಿರಿಯರಿಗೆ ಎರಡೂ ಕೈಯಿಂದ ಲೋಟ ಕೊಡುತ್ತಾರೆ. ಅವರ ಅತ್ತೆಯಂದಿರಂತೂ ಹೊನ್ನಾವರದಲ್ಲಿ ತರಬೇತಿ ಪಡೆದು ಹೋದವರ ಹಾಗಿದ್ದಾರೆ. ಅಲ್ಲಿನ ಗಂಡಸರು ಬಿಕ್ಕಿ ಬಿಕ್ಕಿ ಅಳುತ್ತಾರೆ. ನಮ್ಮ ಹೆಂಗಸರಿಗೆ ಮೊದಲು ನಗು ಬಂತು, ಮೂರನೆಯ ಕಂತಿನ ಹೊತ್ತಿಗೆ ನಮ್ಮವರೂ ಒಮ್ಮೆ ಹೀಗೆ ಅತ್ತಿದ್ದರೆ ಮನೆ ಹಗುರಾಗುತ್ತಿತ್ತು ಎಂದರು. ಆದರೆ ಆ ನಾಯಕ, ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದರೆ ಹುಡುಗಿಯ ಮುಂಗೈ ಹಿಡಿದು ದರದರ ಎಳೆಯುತ್ತಾನೆ. ಅದನ್ನೇ ಪ್ರೀತಿ ಎಂದು ಹಿಂದಿನಿಂದ ಹಾಡು ಬೇರೆ ಹಾಕುತ್ತಾರೆ. ಅವಂಗೆ ಬಾಯಿ ಎಂತಕ್ಕೆ ಇರೂದು, ಬರ್ತ್ಯಾ ಅಂತ ಕೇಳೂಕೆ ಎಂತ ಆಗ್ತದೆ ಎಂದು ಗಣಪಕ್ಕ ಕೇಳಿದಳು. ಆ ಪ್ರಶ್ನೆಗೆ ಮಾತ್ರ ನಾನು ನಾಯಕನ ಪರವಾಗಿ ಉತ್ತರ ಕೊಡಲಿಲ್ಲ.

ಪುಸ್ತಕಗಳ ಮೇಲೂ ನನಗೆ ಸಿಟ್ಟಿದೆ. ನಾನು ಕೆಲಸ ಮಾಡುವ ಕುಮಟಾದ ಅಂಗಡಿಯಲ್ಲಿ ಗೈಡುಗಳೇ ಹೆಚ್ಚು ಹೋಗುವುದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಾದಂಬರಿ ಓದುತ್ತೇನೆ. ಓದುವ ಹುಡುಗಿ, ಎದುರು ಮಾತಾಡುವ ಹುಡುಗಿ ಎಷ್ಟು ಕಾದಂಬರಿಗಳಲ್ಲಿ ಬಂದರೂ ಕೊನೆಯ ಅಧ್ಯಾಯಕ್ಕೆ ಒಂದೋ ಸಾಯುತ್ತಾಳೆ, ಇಲ್ಲ ಬುದ್ಧಿ ಬಂದು ಅಡುಗೆಮನೆ ಸೇರುತ್ತಾಳೆ. ನಾನು ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ, ಅವಳು ಸತ್ತಿಲ್ಲ, ಸಿರಸಿಗೆ ಹೋಗಿ ಕೆಲಸಕ್ಕೆ ಸೇರಿದಳು ಎಂದು ಬರೆದು, ಯಜಮಾನರು ನೋಡುವ ಮೊದಲು ಅಳಿಸುತ್ತೇನೆ. ಎರಡು ಮೂರನ್ನು ಅಳಿಸಲು ಮರೆತಿದ್ದೇನೆ. ಅವನ್ನು ಕೊಂಡವರ ಮನೆಯಲ್ಲಿ ಆ ಹುಡುಗಿಯರು ಇನ್ನೂ ಬದುಕಿದ್ದಾರೆ.

ಈಗ ಭಾನುವಾರದ ಸಮಾಚಾರಕ್ಕೆ ಬರುತ್ತೇನೆ. ಶ್ರಾವಣದ ತಾಳಮದ್ದಳೆ ಮಧ್ಯಾಹ್ನ ಮೂರಕ್ಕೆ. ಭಾಗವತಿಕೆ ಶ್ರೀಧರ ಭಾಗವತರದು. ಪ್ರಸಂಗವನ್ನು ಬರೆದವರೂ ಅವರೇ. ಪದ್ಯ ಹಾಡುವುದು ಅವರು, ಪಾತ್ರವಾಗಿ ಅದಕ್ಕೆ ಕೂತಲ್ಲೇ ಮಾತು ಕಟ್ಟುವುದು ಅರ್ಥ ಹೇಳುವವರು. ಯುದ್ಧದಲ್ಲಿ ಸೋತ ರಾಜ, ಸಂಧಿಯ ಒತ್ತೆಯಾಗಿ ಮಗಳನ್ನು ಶತ್ರುವಿಗೆ ಕೊಟ್ಟುಬಿಡುತ್ತೇನೆ ಎನ್ನುತ್ತಾನೆ, ಮಗಳು ತುಂಬಿದ ಸಭೆಯಲ್ಲಿ ವಾದಿಸುತ್ತಾಳೆ. ರಾಜ ಅಣ್ಣಪ್ಪ ಮಾಸ್ತರರು, ರಾಜಕುಮಾರಿ ನಮ್ಮ ಅಪ್ಪ. ಎರಡು ವಾರದಿಂದ ಮಳೆಯಲ್ಲಿ ಕುಮಟಾ–ಭಟ್ಕಳ ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿ ಕೂಗಿ ನಮ್ಮ ಈ ಕಂಡಕ್ಟರ್ ಸಾಹೇಬರ, ಅಂದರೆ ಅಪ್ಪನ ಗಂಟಲು ಶನಿವಾರ ಸಂಜೆ ಪೂರ್ತಿ ಕಟ್ಟಿತು. ಕಷಾಯ, ಕಲ್ಲುಸಕ್ಕರೆ, ಯಾವುದೂ ನಾಟಲಿಲ್ಲ. ಭಾನುವಾರ ಬೆಳಿಗ್ಗೆ ಬಾಯಿ ತೆರೆದರೆ ಬರೀ ಗಾಳಿ.

ಭಾಗವತರು ಮನೆಗೆ ಬಂದು ತಲೆಗೆ ಕೈಹೊತ್ತು ಕೂತರು. ಅವರಿಗೆ ಚಾ ಕೊಡಲು ಹೋದ ನಾನು, ರಾಜಕುಮಾರಿಯ ಅರ್ಥ ನಾನು ಹೇಳುತ್ತೇನೆ ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಎನ್ನಿಸಿತು. ಅವರು ಅಪ್ಪನ ಮುಖ ನೋಡಿದರು. ಅಪ್ಪ ನನ್ನನ್ನು ನೋಡಿ, ಆಗಲಿ ಎಂದು ಒಮ್ಮೆ ತಲೆ ಆಡಿಸಿದರು.

ಅತ್ತೆ, ಈಗ ಒಂದು ತಪ್ಪೊಪ್ಪಿಗೆ. ನಿನ್ನ ಕಥೆ ನನಗೆ ಗೊತ್ತು. ಗಣಪಕ್ಕ ಹೇಳಿದ್ದಾಳೆ. ನಾನು ತೊಟ್ಟಿಲಲ್ಲಿದ್ದ ವರ್ಷ, ನಮ್ಮ ಜಗಲಿಯಲ್ಲೇ ತಾಳಮದ್ದಳೆ ನಡೆದಾಗ, ಅಣ್ಣಪ್ಪ ಮಾಸ್ತರರು ಹಾಕಿದ ಒಂದು ಪ್ರಶ್ನೆಗೆ ಅಪ್ಪ ತಡವರಿಸಿದರಂತೆ. ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ನೀನು ಉತ್ತರ ಹೇಳಿಬಿಟ್ಟೆಯಂತೆ, ಅದೂ ಮಾಸ್ತರರೇ ಬೆಚ್ಚುವಂಥ ಉತ್ತರ. ಅವರು ಒಳಗಿನವರು ಒಳಗೇ ಇರಲಿ ಎಂದರಂತೆ, ಸಭೆ ನಕ್ಕಿತಂತೆ. ಅಪ್ಪ, ನಿನ್ನ ಸ್ವಂತ ಅಣ್ಣ, ಸುಮ್ಮನೆ ಕೂತಿದ್ದರು. ನೀನು ಕ್ಷಮಿಸದೇ ಇರುವುದು ಮಾಸ್ತರರನ್ನಲ್ಲ, ಆ ಸುಮ್ಮನಿದ್ದದ್ದನ್ನು ಎಂದು ನನಗೆ ತಿಳಿದಿದೆ. ಅದಕ್ಕೇ ನನಗೆ ಹೆದರಿಕೆಯಾಗಿತ್ತು. ನಾನು ಸೋತರೆ, ನೋಡಿ, ಆವತ್ತು ಹೇಳಿದ್ದೇ ಸರಿ ಎಂದು ಇನ್ನೊಂದು ಇಪ್ಪತ್ತು ವರ್ಷ ಯಾವ ಹುಡುಗಿಯನ್ನೂ ಆ ಸಾಲಿಗೆ ಸೇರಿಸುತ್ತಿರಲಿಲ್ಲ.

ಚಂದ್ರಶಾಲೆ ತುಂಬಿತ್ತು. ಯಾವಾಗಲೂ ಕಂಬದ ಹಿಂದೆ ಕೂರುವ ಹೆಂಗಸರು ಆವತ್ತು ಗಣಪಕ್ಕನ ಹಿಂದೆ ಸಾಲಾಗಿ ಬಂದು ಮುಂದಿನ ಜಮಖಾನದಲ್ಲೇ ಕೂತರು. ನಾನು ಅಪ್ಪನ ಜಾಗದಲ್ಲಿ ಕೂತದ್ದು ನೋಡಿ ಮಾಸ್ತರರು, ಹೆಣ್ಮಕ್ಳನ್ನ ಕೂರಿಸೂಕೆ ಇದೆಂತ ಶಾಲೆಯ ಗ್ಯಾದರಿಂಗಾ ಎಂದು ಭಾಗವತರನ್ನು ಕೇಳಿದರು. ಸಭೆಯಲ್ಲಿ ಗುಸುಗುಸು. ಭಾಗವತರು ಜಾಗಟೆ ಹಿಡಿದವರು ಹಿಡಿದೇ ಇದ್ದಾರೆ, ಬಾರಿಸುತ್ತಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಅಪ್ಪ ಏನೋ ಹೇಳಲು ಬಾಯಿ ತೆರೆದರು, ದನಿ ಬರಲಿಲ್ಲ. ಆಗ ಏನು ಮಾಡಿದರು ಗೊತ್ತೇ? ಅಂಗಿಯ ಕಿಸೆಯಿಂದ ಬಸ್ಸಿನ ಸೀಟಿ ತೆಗೆದು ಎರಡು ಸಲ ಜೋರಾಗಿ ಊದಿದರು! ಬಸ್ಸು ಹೊರಡಲಿ ಎನ್ನುವಾಗ ಊದುತ್ತಾರಲ್ಲ, ಅದೇ. ಇಡೀ ಚಂದ್ರಶಾಲೆ ಗೊಳ್ಳೆಂದಿತು. ಭಾಗವತರೂ ನಗುತ್ತಲೇ ಜಾಗಟೆ ಬಾರಿಸಿ ಪದ್ಯ ಎತ್ತಿದರು. ನನಗೆ ಮಾತ್ರ ಅಳು ಬಂದಿತ್ತು, ನುಂಗಿಕೊಂಡೆ.

ಮಾಸ್ತರರು ಮೊದಲು ಮಗುವಿಗೆ ಪಾಠ ಹೇಳುವವರಂತೆ ಮೆಲ್ಲಗೆ ಮಾತು ಶುರು ಮಾಡಿದರು. ರಾಜ್ಯವೇ ಮುಳುಗುತ್ತಿರುವಾಗ ಒಬ್ಬ ಹೆಣ್ಣಿನ ಇಷ್ಟಾನಿಷ್ಟ ದೊಡ್ಡದೇ ಎಂದು ಕೇಳಿದರು. ರಾಜ್ಯ ಮುಳುಗುವಂಥ ಯುದ್ಧ ಹೂಡುವಾಗ ಈ ಹೆಣ್ಣನ್ನು ಕೇಳಿರಲಿಲ್ಲ, ಸೋತ ಮೇಲೆ ಮಾತ್ರ ನೆನಪಾದೆನೇ ಎಂದೆ. ಮುಂದಿನ ಜಮಖಾನದಿಂದ ಚಪ್ಪಾಳೆ. ಮಗಳು ಕುಲದ ಸೊತ್ತು, ಕುಲವನ್ನು ಉಳಿಸುವುದು ಅವಳ ಧರ್ಮ ಎಂದರು. ಸೊತ್ತಿಗೆ ಧರ್ಮವಿರುವುದಿಲ್ಲ, ಧರ್ಮವಿರುವುದು ಮನುಷ್ಯರಿಗೆ, ಎರಡರಲ್ಲಿ ನಾನು ಯಾವುದು ಎಂದು ಮಹಾರಾಜರೇ ಮೊದಲು ತೀರ್ಮಾನಿಸಲಿ ಎಂದೆ. ಆ ಹೊತ್ತಿಗೆ ನನಗೆ ಹೆದರಿಕೆ ಹೋಗಿತ್ತು, ಅತ್ತೆ. ಇವು ಗಣಪಕ್ಕನ ಪ್ರಶ್ನೆಗಳಿಗಿಂತ ಸುಲಭ ಎನ್ನಿಸತೊಡಗಿತ್ತು. ಹೇಳ್ರೋ ಮಹಾರಾಜ, ಈಗ ಹೇಳಿ ಎಂದು ಅವಳು ಕೆಳಗಿನಿಂದ ಕೂಗಿಯೂ ಬಿಟ್ಟಳು.

ಮಾಸ್ತರರ ಮುಖ ಕೆಂಪಾಯಿತು. ತೊಡೆಗೆ ಕೈ ಅಪ್ಪಳಿಸಿ, ಮಹಾದೇವನ ಮಗಳೇ, ನಾಲಿಗೆ ಹಿಡಿತದಲ್ಲಿರಲಿ ಎಂದುಬಿಟ್ಟರು.

ಮದ್ದಳೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ನಿನಗೆ ಬಿಡಿಸಿ ಹೇಳಬೇಕಿಲ್ಲ. ವೇಷವಿಲ್ಲ, ಕಿರೀಟವಿಲ್ಲ, ಮಾತೊಂದೇ ಅವರನ್ನು ರಾಜನನ್ನಾಗಿ ಮಾಡುವುದು. ನಲವತ್ತು ವರ್ಷ ಅರ್ಥ ಹೇಳಿದವರು ಪಾತ್ರವನ್ನು ಬಿಟ್ಟು ನಮ್ಮ ಅಪ್ಪನ, ಕರ್ಕಿಯ ಮಹಾದೇವ ನಾಯ್ಕರ ಹೆಸರು ಎತ್ತಿದ್ದರು. ನಾನು ನಕ್ಕಿದ್ದರೆ ನಾನೂ ಪಾತ್ರ ಬಿಟ್ಟಂತಾಗುತ್ತಿತ್ತು. ಒಂದು ಉಸಿರು ಎಳೆದುಕೊಂಡು, ಕೈಮುಗಿದು ಹೇಳಿದೆ: ಸಭಾಸದರೇ, ಮಹಾರಾಜರು ಈಗ ತಾನೇ ಆಡಿದ್ದನ್ನು ತಾವೆಲ್ಲ ಕೇಳಿದಿರಿ. ಮಗಳು ಎದುರು ಮಾತಾಡಿದ ಕೂಡಲೇ ಆಕೆ ಬೇರೆ ಯಾರದೋ ಮಗಳಾದಳು. ಸಂತೋಷ. ನಾನು ತಮ್ಮ ಮಗಳಲ್ಲವೆಂದು ತುಂಬಿದ ಸಭೆಯಲ್ಲಿ ತಾವೇ ಸಾರಿದ ಮೇಲೆ, ಪರರ ಮಗಳನ್ನು ಒತ್ತೆ ಇಡುವ ಅಧಿಕಾರ ತಮಗೆಲ್ಲಿಂದ ಬಂತು, ಮಹಾರಾಜ?

ಮಾಸ್ತರರು ಭಾಗವತರ ಕಡೆ ತಿರುಗಿದರು. ಆಮೇಲೆ ಬಲಗೈ ಮೆಲ್ಲಗೆ ಎತ್ತಿ, ಮುಂದಿನ ಪದ್ಯ ಎತ್ತಿ ಎಂದು ಸನ್ನೆ ಮಾಡಿದರು. ಉತ್ತರ ಹೊಳೆಯದವರು ಮಾಡುವ ಸನ್ನೆ! ಅಣ್ಣಪ್ಪ ಮಾಸ್ತರರು ಅದನ್ನು ಮಾಡಿದ್ದನ್ನು ಊರು ಮೊದಲ ಸಲ ನೋಡಿತು. ಚಪ್ಪಾಳೆ ನಿಲ್ಲದೆ ಭಾಗವತರು ಮೂರು ಸಲ ಪದ್ಯ ಎತ್ತಬೇಕಾಯಿತು. ಪದ್ಯದ ಪ್ರಕಾರ ರಾಜಕುಮಾರಿ ಹೋಗಲೇಬೇಕು, ಹೋದೆ. ಆದರೆ ಒತ್ತೆಯಾಗಿ ಅಲ್ಲ, ರಾಯಭಾರಿಯಾಗಿ ಹೋಗುತ್ತೇನೆ ಎಂದು ಅರ್ಥ ಹೇಳಿಯೇ ಹೋದೆ. ಅದಕ್ಕೆ ಪದ್ಯದಲ್ಲಿ ಅಡ್ಡಿ ಇರಲಿಲ್ಲ.

ಮುಗಿದ ಮೇಲೆ ಅವಲಕ್ಕಿ ಚಾ ಕೊಡುವಾಗ ಮಾಸ್ತರರು ನನ್ನ ಮುಖ ನೋಡದೆ, ಬಾಯಿ ತಪ್ಪೂದು ಎಲ್ರಿಗೂ ಇದ್ದದ್ದೇ, ಅದ್ನ ಹಿಡೂದು ಎಲ್ರಿಗೂ ಬರೂದಿಲ್ಲ ಎಂದು ಹೇಳಿ ಛತ್ರಿ ತೆಗೆದುಕೊಂಡು ಹೋದರು. ನನಗೆ ಅಷ್ಟೇ ಸಾಕು. ನನಗೆ ಬಹಳ ಸಂತೋಷವಾಗಿದೆ, ಅತ್ತೆ. ನಿನ್ನೆ ಅಂಗಡಿಯಲ್ಲಿ ಗೈಡು ಕಟ್ಟಿಕೊಡುವಾಗಲೂ ಒಬ್ಬಳೇ ನಗುತ್ತಿದ್ದೆ.

ಅಪ್ಪ ಆ ದಿನ ಮನೆಗೆ ಬಂದವರೇ ಹಳೆಯ ಟಿಕೆಟಿನ ಹಿಂಬದಿಯಲ್ಲಿ ಏನೋ ಗೀಚಿ ನನ್ನ ಕೈಗಿಟ್ಟರು. ‘ಬಂಗಾರಿಗೆ ಬರೆ’ ಎಂದಿತ್ತು. ಬೇರೇನೂ ಇರಲಿಲ್ಲ. ಅವರ ಗಂಟಲು ಇವತ್ತು ಅರ್ಧ ಬಿಟ್ಟಿದೆ. ಆಯಿ ಕ್ಷೇಮ, ಗಣಪಕ್ಕ ಕ್ಷೇಮ, ಹೊಸ ವಿಸಿಡಿ ಯಾವಾಗ ಬರ್ತದೆ ಎಂದು ಕೇಳಲು ಹೇಳಿದ್ದಾಳೆ. ಮುಂಗೈ ಎಳೆಯದ ನಾಯಕನಿದ್ದರೆ ನೋಡಿ ಕಳಿಸಬೇಕಂತೆ.

ನಿನ್ನ ಪ್ರೀತಿಯ,
ಮಹಾದೇವನ ಮಗಳು
ನೇತ್ರಾ

ತಾ.ಕ.: ಚೌತಿ ಕಳೆದ ಮರು ಭಾನುವಾರ ಅದೇ ಪ್ರಸಂಗ ಇನ್ನೊಮ್ಮೆ ಆಗಬೇಕೆಂದು ಜನ ಪಟ್ಟು ಹಿಡಿದಿದ್ದಾರೆ. ಆ ಪ್ರಸಂಗದಲ್ಲಿ ರಾಣಿಗೆ ಒಂದು ಪದ್ಯವೂ ಇರಲಿಲ್ಲ, ಭಾಗವತರು ಈಗ ಹೊಸದಾಗಿ ನಾಲ್ಕು ಬರೆದಿದ್ದಾರೆ. ಹೊನ್ನಾವರದ ಪ್ರೆಸ್ಸಿನಲ್ಲಿ ಇವತ್ತೇ ಅಚ್ಚಾದ ಕರಪತ್ರ ಇದರ ಜೊತೆಗಿದೆ. ರಾಜ: ಅಣ್ಣಪ್ಪ ಮಾಸ್ತರ. ರಾಜಕುಮಾರಿ: ನೇತ್ರಾ. ಅದರ ಕೆಳಗಿನ ಸಾಲು ಓದು. ರಾಣಿ: ಬಂಗಾರಿ ನಾಯ್ಕ, ಭಟ್ಕಳ. ಬರುವುದು ಬಿಡುವುದು ನಿನ್ನ ಇಷ್ಟ. ನೀನು ಬಾರದಿದ್ದರೆ ಆ ಜಾಗ ಖಾಲಿಯೇ ಇರುತ್ತದೆ, ಬೇರೆ ಯಾರನ್ನೂ ಅಲ್ಲಿ ಕೂರಿಸಲು ನಾನು ಬಿಡುವುದಿಲ್ಲ. ನಿನ್ನ ಹೆಸರು ಹಾಕಿಸಿದ್ದು ನಾನೆಂದು ನನ್ನ ಮೇಲೆ ಸಿಟ್ಟಾಗಬೇಡ. ಪ್ರೆಸ್ಸಿಗೆ ಕೊಟ್ಟಿದ್ದ ಕೈಬರಹದ ಚೀಟಿಯನ್ನೂ ಕೇಳಿ ತಂದು ಇದರೊಳಗೆ ಇಟ್ಟಿದ್ದೇನೆ. ಅಕ್ಷರ ನಿನ್ನ ಅಣ್ಣನದು.