ವ್ಯಾನ್ ಹತ್ತದವಳು

ನವೆಂಬರ್ ೧೯, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಗಳ ನಮಸ್ಕಾರ. ಮಂಡಿನೋವು ಹೇಗಿದೆ? ಅಣ್ಣ, ಅತ್ತಿಗೆ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಹೇಳದೆ ಕೇಳದೆ ನಮ್ಮ ಸೈಕಲ್ ಅಂಗಡಿಗೆ ಬೀಗ ಹಾಕಿ ಹೊರಟವಳು ಇಷ್ಟು ದಿನ ಒಂದು ಕಾಗದವನ್ನೂ ಬರೆಯಲಿಲ್ಲ. ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಹೊರಟದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಅಣ್ಣ ಫೋನಿನಲ್ಲಿ ಕೂಗಾಡಿದ. "ನಲವತ್ತಾರು ವರ್ಷಕ್ಕೆ ಸೈಕಲ್ ಪ್ರವಾಸ ಬೇಕಿತ್ತಾ ನಿಂಗೆ? ಗಿರಾಕಿಗಳು ಬಂದು ಬೀಗ ನೋಡ್ಕೊಂಡು ಹೋಗ್ಬೇಕಾ?" ಅಂದ. "ಇಪ್ಪತ್ತೆರಡು ವರ್ಷ ನನ್ನ ಮುಖ ನೋಡಿದಾರೆ, ಹದಿನೈದು ದಿನ ಬೀಗ ನೋಡ್ಲಿ" ಅಂದೆ. ಫೋನ್ ಇಟ್ಟುಬಿಟ್ಟ. ಅವನು ನಿಮಗೆ ಏನು ಹೇಳಿದ್ದಾನೋ ಗೊತ್ತಿಲ್ಲ, ನಡೆದದ್ದನ್ನು ನಾನೇ ಬರೆಯುತ್ತೇನೆ.

ನದಿ ಹುಟ್ಟುವ ಬೆಟ್ಟದಿಂದ ಅದು ಸಮುದ್ರ ಸೇರುವವರೆಗೆ ಹನ್ನೊಂದು ದಿನ, ಏಳುನೂರು ಕಿಲೋಮೀಟರ್. ನನ್ನನ್ನೂ ಸೇರಿಸಿ ಹದಿನಾಲ್ಕು ಜನ. ಹೆಸರು ಕೊಡುವಾಗ ಕಸುಬಿನ ಜಾಗದಲ್ಲಿ ‘ಸೈಕಲ್ ರಿಪೇರಿ’ ಅಂತ ಬರೆದದ್ದೇ ತಪ್ಪಾಯಿತು. ತಂಡದ ಮುಖಂಡರ ಕೊರಳಲ್ಲಿ ಸದಾ ಒಂದು ಸೀಟಿ. ಬೆನ್ನ ಹಿಂದೆ ಎಲ್ಲರೂ ಸೀಟಿ ಸಾಹೇಬರು ಅನ್ನುತ್ತಿದ್ದೆವು. ಮೊದಲ ಬೆಳಿಗ್ಗೆ ಅವರು ನನ್ನ ಸೈಕಲನ್ನು ಮೇಲಿಂದ ಕೆಳಗೆ ನೋಡಿದರು. ಮೂರು ಹಳೇ ಸೈಕಲ್‌ಗಳ ಭಾಗ ಕೂಡಿಸಿ ನಾನೇ ಕಟ್ಟಿದ್ದು, ನಿಮಗೆ ಗೊತ್ತಲ್ಲ.

"ನೀವು ಸಾಮಾನಿನ ವ್ಯಾನ್‌ನಲ್ಲಿ ಬಂದ್ಬಿಡಿ ಅಮ್ಮ. ರಿಪೇರಿಗೆ ಒಬ್ರು ಜೊತೇಲಿದ್ರೆ ಸಾಕು."

"ನಾನು ತುಳಿಯೋಕೆ ಬಂದಿದೀನಿ ಸರ್."

"ಮೊದಲನೇ ಏರಲ್ಲೇ ಗೊತ್ತಾಗತ್ತೆ ಬಿಡಿ."

ಗೊತ್ತಾಯಿತು. ಜೀವ ಬಾಯಿಗೆ ಬಂತು. ಎರಡು ಕಡೆ ಇಳಿದು ತಳ್ಳಿದೆ. ವ್ಯಾನ್ ಪಕ್ಕದಲ್ಲೇ ಬಾಗಿಲು ತೆರೆದುಕೊಂಡು ಆಮೆಯಂತೆ ಬರುತ್ತಿತ್ತು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲರಿಗಿಂತ ಕೊನೆಗೆ ತಲುಪಿದೆ, ಆದರೆ ತಲುಪಿದೆ.

ನಾಲ್ಕನೇ ದಿನಕ್ಕೆ ಕಾಲು ಪಳಗಿತು. ನದಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಎಷ್ಟೋ ಆಳದಲ್ಲಿ ದಾರದ ಎಳೆಯಂತೆ. ಇಳಿಜಾರಿನಲ್ಲಿ ಗಾಳಿ ಕಿವಿಗೆ ಬಡಿಯುವಾಗ ಗಟ್ಟಿಯಾಗಿ ನಕ್ಕುಬಿಟ್ಟೆ ಅಪ್ಪ. ಇಷ್ಟು ವರ್ಷ ಸೈಕಲ್ ರಿಪೇರಿ ಮಾಡಿ ಜನರನ್ನು ದಾರಿಗೆ ಬಿಟ್ಟೆ. ನಾನು ಓಡಿಸಿ ನೋಡಿದ್ದು ಅಂಗಡಿಯಿಂದ ಬೀದಿಯ ಕೊನೆವರೆಗೆ, ಬ್ರೇಕ್ ಹಿಡಿಯುತ್ತದೋ ಇಲ್ಲವೋ ಅಂತ ಮಾತ್ರ.

ಆರನೇ ದಿನ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ವ್ಯಾನ್ ಸುತ್ತುದಾರಿ ಹಿಡಿಯಿತು, ನಾವು ಸೈಕಲ್ ಹೆಗಲಿಗೇರಿಸಿ ಕಾಲುಸೇತುವೆ ದಾಟಿದೆವು. ಆಚೆ ದಡದಲ್ಲಿ ಸೀಟಿ ಸಾಹೇಬರ ಹಿಂದಿನ ಗಾಲಿ ಗುಂಡಿಗೆ ಬಿದ್ದು ಮೂರು ಕಡ್ಡಿ ಮುರಿದವು, ರಿಮ್ಮು ಸೊಟ್ಟಗಾಯಿತು. "ವ್ಯಾನ್ ಬರೋದು ನಾಳೇನೇ. ನೀವೆಲ್ಲ ಹೋಗಿ" ಅಂತ ರಸ್ತೆ ಬದಿ ಕೂತುಬಿಟ್ಟರು. ನಾನು ಸೈಕಲ್ ತಲೆಕೆಳಗು ಮಾಡಿ, ಮುರಿದ ಕಡ್ಡಿ ಕಳಚಿ, ಉಳಿದವುಗಳಲ್ಲಿ ಕೆಲವನ್ನು ಸಡಿಲಿಸಿ ಕೆಲವನ್ನು ಬಿಗಿದೆ. ಬ್ರೇಕಿನ ರಬ್ಬರನ್ನೇ ಗುರುತು ಮಾಡಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಮುಕ್ಕಾಲು ಗಂಟೆಯಲ್ಲಿ ಗಾಲಿ ನೆಟ್ಟಗಾಯಿತು. ಜೊತೆಗಿದ್ದ ಹಲ್ಲಿನ ಡಾಕ್ಟರಮ್ಮ, "ನನ್ನ ಪೇಷಂಟುಗಳೂ ಹೀಗೆ ಅಲ್ಲಾಡದೆ ಇದ್ದಿದ್ರೆ" ಅಂದು ಎಲ್ಲರನ್ನೂ ನಗಿಸಿದರು.

ಆ ಸಂಜೆ ಸಾಹೇಬರು ಕರೆದು ಕೂರಿಸಿದರು. ಒಂದು ಒಳ್ಳೆಯ ಮಾತು ಬರಬಹುದೆಂದುಕೊಂಡೆ.

"ಇಂಥ ಕೈ ವ್ಯಾನ್‌ನಲ್ಲೇ ಇರ್ಬೇಕು ಅಮ್ಮ. ನೀವು ಬಿದ್ದು ಗಿದ್ದು ಏನಾದ್ರೂ ಆದ್ರೆ ನಮ್ಮ ಗತಿ? ನಾಳೆಯಿಂದ ಕೂತ್ಕೊಂಡು ಬನ್ನಿ."

ನೋಡಿ ಅಪ್ಪ, ಕೈಲಾಗದಿದ್ದರೂ ವ್ಯಾನು, ಕೈಲಾದರೂ ವ್ಯಾನು.

"ಸೈಕಲ್ ಕೆಟ್ರೆ ಕೂಗಿ ಸರ್, ಮುಂದೆ ಇರ್ತೀನಿ" ಅಂದೆ. "ನಂಗೆ ಕೇಳಿಸ್ದೆ ಇದ್ರೆ ಸ್ವಲ್ಪ ಜೋರಾಗಿ ತುಳಿದು ಬನ್ನಿ."

ಮರುದಿನ ಇಪ್ಪತ್ತೊಂದು ಕಿಲೋಮೀಟರಿನ ಏರು. ಮೂರನೆಯವಳಾಗಿ ನೆತ್ತಿ ಮುಟ್ಟಿದೆ. ಸಾಹೇಬರು ಬಂದದ್ದು ಅರ್ಧ ಗಂಟೆಯ ಮೇಲೆ. ನನ್ನ ಬಾಟಲಿಯ ನೀರು ಕುಡಿದು, ಉಸಿರು ಸುಧಾರಿಸಿಕೊಂಡು, "ಗಾಲಿ ಚೆನ್ನಾಗಿ ಬಂತು" ಅಂದರು.

"ನಾನೂ ಬಂದೆ ಸರ್" ಅಂದೆ.

ನಿನ್ನೆ ಸಮುದ್ರ ತಲುಪಿದೆವು. ಪ್ರವಾಸ ಮುಗಿಸಿದವರ ಪಟ್ಟಿಯನ್ನು ಸಾಹೇಬರು ಓದುವಾಗ ನನ್ನ ಹೆಸರು ಸವಾರರಲ್ಲಿ ಇರಲಿಲ್ಲ. ಕೆಳಗೆ ‘ಸಹಾಯಕರು’ ಅನ್ನುವಲ್ಲಿ, ವ್ಯಾನ್ ಡ್ರೈವರ್ ಪಕ್ಕದಲ್ಲಿತ್ತು. ಎದ್ದು ಹೋಗಿ ಪೆನ್ನು ಕೇಳಿದೆ. ಸಾಹೇಬರು ನನ್ನ ಮುಖ ನೋಡಿದರು. ಆಮೇಲೆ ಪೆನ್ನು ನನಗೆ ಕೊಡದೆ, ತಾವೇ ಕೆಳಗಿದ್ದ ನನ್ನ ಹೆಸರನ್ನು ಹೊಡೆದುಹಾಕಿ ಮೇಲೆ ಸವಾರರ ಸಾಲಿನಲ್ಲಿ ಬರೆದರು. ಬರೆಯುವಾಗ ಕಿವಿ ಕೆಂಪಾಗಿತ್ತು.

ಮುಂದಿನ ವರ್ಷವೂ ಹದಿನೈದು ದಿನ ಬೀಗ ಬೀಳುತ್ತದೆಂದು ಅಣ್ಣನಿಗೆ ಈಗಲೇ ಹೇಳಿಡಿ. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ಆರೋಗ್ಯವಾಗಿರಿ, ನೂರು ಕಾಲ ಬಾಳಿ. ಹೊರಡುವ ಮೊದಲು ಕೇಳದ ಆಶೀರ್ವಾದವನ್ನು ಹೋಗಿಬಂದ ಮೇಲೆ ಕೇಳುತ್ತಿದ್ದೇನೆ, ಇಲ್ಲವೆನ್ನಬೇಡಿ.

ಇಂತಿ,
ನಿಮ್ಮ ಮಗಳು

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀವು ಅಣ್ಣನ ಮನೆಗೆ ಹೊರಡುವ ಹಿಂದಿನ ವಾರ ಟಯರ್ ಮಾರುವವನು ಬಂದು, "ಇನ್ಮೇಲೆ ಅಂಗಡಿ ಯಾರು ನೋಡ್ಕೋತಾರೆ ಯಜಮಾನ್ರೆ?" ಅಂತ ಕೇಳಿದ. "ಯಾರಿದಾರೆ? ಮಗ ಬೇಡ ಅಂದ. ನನ್ನ ಕಾಲಕ್ಕೆ ಮುಗೀತು" ಅಂದಿರಿ. ನಾನು ನಿಮ್ಮಿಂದ ನಾಲ್ಕು ಅಡಿ ದೂರದಲ್ಲಿ ಪಂಕ್ಚರ್ ಹಾಕುತ್ತಾ ಕೂತಿದ್ದೆ. ತಲೆ ಎತ್ತಲಿಲ್ಲ. ಆ ಒಂದು ಟ್ಯೂಬಿಗೆ ಮೂರು ಸಲ ತೇಪೆ ಹಾಕಿದೆ, ಒಂದೂ ಅಂಟಲಿಲ್ಲ. ಇನ್ನು ಯಾರಾದರೂ ಕೇಳಿದರೆ "ನನ್ನ ಮಗಳು" ಅನ್ನಿ ಅಪ್ಪ, ಅಷ್ಟೇ ಸಾಕು. ಅನ್ನದಿದ್ದರೂ ಬುಧವಾರ ಬೆಳಿಗ್ಗೆ ಬಾಗಿಲು ತೆರೆಯುವವಳು ನಾನೇ.