ಅಲುಗಾಡಬೇಡಿ

೧೮ ಡಿಸೆಂಬರ್ ೧೯೧೧, ಚಿತ್ರದುರ್ಗ

ಇವತ್ತೂ ಒಳ್ಳೆಯ ಪ್ಲೇಟು, ಗಾಜಿನ ಮೇಲೆ ಫೋಟೋ ಚೆನ್ನಾಗಿ ಮೂಡಿದೆ. ಜೋಗಿಮಟ್ಟಿ ಕಾಡು, ಮಂಜು, ಎಲೆ ಉದುರಿದ ದಿಂಡಿಗದ ಮರಗಳು. ಬೊಡ್ಡೆ ಬೆಳ್ಳಗೆ, ಹಿಂದೆ ಕಮರದ ಮರಗಳ ಕಪ್ಪು. ಬಣ್ಣ ಯಾರಿಗೆ ಬೇಕು? ಇದನ್ನು ಯಾರು ಕೊಳ್ಳುತ್ತಾರೆ ಅಂದರು ನಮ್ಮ ಯಜಮಾನರು. ಸ್ಟುಡಿಯೋದಲ್ಲಿ ಮೀಸೆ ತಿರುವಿ ಕೂತವರನ್ನೇ ತೆಗೆದು ಅವರ ಕಣ್ಣು ಕೆಟ್ಟಿದೆ. ಚಳಿಗೆ ಕೆಮ್ಮು, ಕಾಡಿಗೆ ಬರುವುದಿಲ್ಲ. ಬರದಿದ್ದರೇ ವಾಸಿ.

ಕ್ಯಾಮೆರಾದ ಮುಚ್ಚಳ ಎಷ್ಟು ಹೊತ್ತು ತೆಗೆದಿರಬೇಕು ಎಂಬುದಕ್ಕೆ ನನ್ನದೇ ಲೆಕ್ಕ — ನಮಃ ಶಿವಾಯ, ನಮಃ ಶಿವಾಯ. ಗಂಡನ ಹೆಸರೂ ಈ ಐದಕ್ಷರದ್ದೇ, ಪಂಚಾಕ್ಷರಪ್ಪ. ಬಾಯಲ್ಲಿ ಹೇಳಬಾರದು. ಆದರೂ ಕಾಡಿನ ತುಂಬ ಅವರನ್ನೇ ಕರೆದ ಹಾಗಾಯಿತು… ನಗು ಬರುತ್ತದೆ.

೨೧ ಡಿಸೆಂಬರ್

ಕಾಡಿನಲ್ಲಿ ಆಡು ಮೇಯಿಸುವ ಓಬವ್ವ ಸಿಕ್ಕಿದ್ದಳು. ದಿಂಡಿಗದ ನಡುವಿನ ಕಲ್ಲು ಅವಳ ಹಟ್ಟಿಯ ದೇವರು. ಸಂಕ್ರಾಂತಿ ಕಳೆದರೆ ಅಷ್ಟೂ ಮರ ಇದ್ದಿಲಿಗೆ ಕಡಿಯುತ್ತಾರಂತೆ. ಅಮಲ್ದಾರರ ಹತ್ತಿರ ಹೋಗಿದ್ದಳು. ಗುಡಿಯಿಲ್ಲ, ನಕ್ಷೆಯಲ್ಲಿಲ್ಲ, ಜನ ನಡೆದುಕೊಳ್ಳುವ ದೇವರಾದರೆ ಜನರಿರುವ ಫೋಟೋ ತನ್ನಿ, ಆ ಮರಗಳನ್ನು ಬಿಡಿಸುತ್ತೇನೆ ಅಂದರಂತೆ. ಮಂಡಿನೋವಿನ ಮನುಷ್ಯ, ಗುಡ್ಡ ಹತ್ತಲಾರರು.

ನನ್ನ ದಿಂಡಿಗ ಇದ್ದಿಲಾಗುವುದೇ? ನಾನು ತೆಗೆದುಕೊಡುತ್ತೇನೆ ಅಂದೆ. ಅದೇನು ದೊಡ್ಡ ಕೆಲಸ.

೨೭ ಡಿಸೆಂಬರ್

ಕೆಟ್ಟಿತು. ಹಟ್ಟಿಯವರೆಲ್ಲ ಬಂದಿದ್ದರು. ಅವರ ಪೂಜೆ ಬೆಳಗಿನ ಮಂಜಿನಲ್ಲೇ ಆಗಬೇಕು. ಬೆಳಕು ಸಾಲದು, ಮುಚ್ಚಳ ಬಹಳ ಹೊತ್ತು ತೆಗೆದಿರಬೇಕು, ಅಷ್ಟರಲ್ಲಿ ಅಲುಗಿದ್ದು ಮೂಡುವುದಿಲ್ಲ. ಅಲುಗಾಡಬೇಡಿ ಎಂದು ಕೂಗಿ ಕೂಗಿ ಗಂಟಲು ಹೋಯಿತು. ಅವರು ಹಾಡುತ್ತಾ ಹೆಜ್ಜೆ ಹಾಕುತ್ತಲೇ ಇದ್ದರು. ಪ್ಲೇಟಿನಲ್ಲಿ ಮರ ಇವೆ, ಕಲ್ಲು ಇದೆ. ಜನರಿದ್ದಲ್ಲಿ ಹೊಗೆ.

ಓಬವ್ವನ ಮೇಲೆ ರೇಗಿದೆ. ಅವಳು ಸಿಟ್ಟಾಗಲಿಲ್ಲ.

“ನಮ್ಮ ದೇವ್ರ ಮುಂದೆ ಅಲ್ಲಾಡ್ದಂಗೆ ಇರಾದು ಹೆಣ ಒಂದೇ ಕಣವ್ವ. ನಾವು ಬದುಕೀವಲ್ಲ.”

೩ ಜನವರಿ ೧೯೧೨

ಉಳಿದಿರುವುದು ಒಂದೇ ಪ್ಲೇಟು. ಮದರಾಸಿನಿಂದ ಬೇರೆ ಬರುವುದು ಹಬ್ಬ ಕಳೆದ ಮೇಲೆ. ಹಟ್ಟಿಯಲ್ಲಿ ಒಬ್ಬರೂ ಸುಮ್ಮನೆ ನಿಲ್ಲಲು ಒಪ್ಪುವುದಿಲ್ಲ. ಯಜಮಾನರನ್ನು ಕೇಳಿದೆ. ಕೆಮ್ಮು ಬಂದರೆ ನಾನೂ ಅಲುಗುತ್ತೇನಲ್ಲ ಅಂದರು. ನಿಜವೇ.

ಹಾಗಾದರೆ ನಾನೇ. ನನ್ನ ದೇವರು ನನ್ನ ಕೊರಳಲ್ಲಿದ್ದಾನೆ. ಆ ಕಲ್ಲಿಗೆ ಕುಣಿಯುವ ಹಂಗು ನನಗಿಲ್ಲ. ಗೋಡೆಯ ಹಾಗೆ ನಿಲ್ಲುತ್ತೇನೆ.

೯ ಜನವರಿ, ಮಧ್ಯಾಹ್ನ

ಮುಗಿಯಿತು. ಮುಚ್ಚಳ ತೆಗೆದು ಹಾಕುವುದನ್ನು ಓಬವ್ವನಿಗೆ ಕಲಿಸಿದೆ. ಹತ್ತು ಸಲ ನಮಃ ಶಿವಾಯ ಅನ್ನು, ಮುಚ್ಚು ಅಂತ. ಅವಳು ತಲೆಯಾಡಿಸಿ, ಮುಚ್ಚಳ ತೆಗೆದು, ತನ್ನ ದೇವರ ಪದವನ್ನೇ ಹಾಡಿದಳು. ಉದ್ದದ ಪದ. ಸಾಕು ಅನ್ನಲು ನಾನು ಬಾಯಿ ತೆರೆಯುವಂತಿಲ್ಲ… ಚೆನ್ನಾಗಿ ಹಾಡುತ್ತಾಳೆ. ನಡುವೆ ಕಣ್ಣು ತುಂಬಿತು, ಯಾಕೋ. ಆದರೆ ಅಲುಗಲಿಲ್ಲ. ಅದಂತೂ ಖಂಡಿತ.

ಅದೇ ದಿನ, ಸಂಜೆ

ಕೆಂಪು ದೀಪದಲ್ಲಿ ಪ್ಲೇಟು ತೊಳೆದೆ. ಮರ ಬಂದವು. ಕಲ್ಲು ಬಂತು. ನನ್ನ ಎರಡು ಪಾದ, ಕಾಲುಂಗುರ, ಸೀರೆಯ ಅಂಚು — ಎಲ್ಲ ಸ್ಪಷ್ಟ. ಸೊಂಟದಿಂದ ಮೇಲೆ ನಾನಿಲ್ಲ. ಅತ್ತ ಇತ್ತ ತೂಗಿದ ಹೊಗೆ.

ಬಹಳ ಹೊತ್ತು ನೋಡಿದೆ. ನಾಚಿಕೆಯಾಯಿತು. ಆಮೇಲೆ ನಾಚಿಕೆ ಹೋಯಿತು. ಅಮಲ್ದಾರರಿಗೆ ಕೊಡಬೇಡ, ನಗುತ್ತಾರೆ ಅಂದರು ಯಜಮಾನರು. ನಾನು ತೆಗೆದ ಪ್ಲೇಟುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

೧೧ ಜನವರಿ, ಬೆಳಿಗ್ಗೆ

ನಿನ್ನೆ ಬಿಸಿಲಿಗೆ ಪ್ರಿಂಟು ತೆಗೆದೆ. ಒಣಗಿದೆ. ಓಬವ್ವ ಬಾಗಿಲಲ್ಲಿ ಕಾಯುತ್ತಿದ್ದಾಳೆ, ಕಚೇರಿಗೆ ಇಬ್ಬರೂ ಹೋಗುವುದು. ಇವು ಯಾರ ಕಾಲು ಎಂದು ಅಮಲ್ದಾರರು ಕೇಳೇ ಕೇಳುತ್ತಾರೆ. ನನ್ನವು ಅನ್ನುತ್ತೇನೆ. ಮೇಲಿನದೆಲ್ಲಿ ಅಂದರೆ — ಆ ದೇವರ ಮುಂದೆ ಸುಮ್ಮನೆ ನಿಲ್ಲಲು ನನ್ನಿಂದಲೂ ಆಗಲಿಲ್ಲ ಸ್ವಾಮಿ, ನಾನೂ ಬದುಕಿರುವವಳು ಅನ್ನುತ್ತೇನೆ. ನಕ್ಕರೆ ನಗಲಿ. ನಾನಂತೂ — ಓಬವ್ವ ಕರೆಯುತ್ತಿದ್ದಾಳೆ, ಹೊರಟೆ.